ಒಲೆಯ ಹಿಂದಿನ ಜೀವಗಳು

ಮೆಕ್ಕೆಜೋಳದ ಸಿಪ್ಪೆಯನ್ನು ಮರಿಗಳ ಕಡೆಗೆ ಒಂದಿಷ್ಟು, ದೊಡ್ಡವುಗಳ ಕಡೆಗೆ ಒಂದಿಷ್ಟು ಎಂದು ಮಾರ್ಲೇನಿ ಪಾಲು ಮಾಡುತ್ತಿದ್ದಾಗ ಒಲೆಯ ಕಟ್ಟೆಯ ಮೇಲಿದ್ದ ಫೋನು ನಡುಗತೊಡಗಿತು. ಕೈಯೆಲ್ಲ ಹಸಿ ಸೊಪ್ಪಿನ ರಸ. ಕುಯ್‌ಗಳಿಗೆ ಮೇವು ಹಾಕುವುದು ಅವಳ ಕೆಲಸವಲ್ಲ, ಅವಳ ತಾಯಿ ಸತುರ್ನೀನಾಳದು. ತಾಯಿ ಆಸ್ಪತ್ರೆಯಲ್ಲಿ ಮೊಮ್ಮಗಳ ಮಂಚದ ಪಕ್ಕ ಬೆಂಚಿನ ಮೇಲೆ ಮಲಗತೊಡಗಿದ ಮೇಲೆ ಅದು ಇವಳ ಪಾಲಿಗೆ ಬಂದಿತ್ತು. ಒಲೆಯ ಹಿಂದಿನ ಬೆಚ್ಚನೆಯ ಕತ್ತಲಲ್ಲಿ ಆ ಗಿನಿಯಿಲಿಗಳು ಸಿಳ್ಳೆ ಹಾಕುತ್ತ ಒಂದರ ಮೇಲೊಂದು ಏರುತ್ತಿದ್ದವು. ತಾಯಿಗಾದರೆ ಯಾವುದು ಬಸುರಿ, ಯಾವುದು ಮುಂದಿನ ಹಬ್ಬದೂಟಕ್ಕೆ, ಯಾವುದು ಕಚ್ಚುತ್ತದೆ, ಎಲ್ಲ ಗೊತ್ತು. ಮಾರ್ಲೇನಿಗೆ ಅವು ಬರೀ ಕಂದು, ಬರೀ ಬಿಳಿ. ಒಂದು ಮಾತ್ರ ಮೇವಿಗೂ ಮುಂದೆ ಬರದೆ ಮೂಲೆ ಹಿಡಿದು ಕೂತಿತ್ತು; ಗದ್ದದ ಕೆಳಗೆ ಗೋಲಿಯಷ್ಟು ಉಬ್ಬು. ಅದರ ಮುಂದೆ ಎರಡು ಎಳೆ ಕುದುರೆಮೆಂತೆ ಸೊಪ್ಪು ಇಟ್ಟು, ಸೆರಗಿನಂತೆ ಹೊದ್ದಿದ್ದ ಶಾಲಿಗೇ ಕೈ ಒರೆಸಿಕೊಂಡು ಫೋನೆತ್ತಿದಳು.

"ಎದ್ದಿದ್ದೀಯಾ? ಯಂತ್ರ ಓದಿ ಮುಗಿಸಿದೆ ಕಣೇ," ಎಂದ ವಿಲ್ಬರ್. ಪ್ರಯೋಗಾಲಯದಲ್ಲಿ ಅವಳ ಜೊತೆ ಕೆಲಸ ಮಾಡುವವನು. "ಆ ಮೊಣಕಾಲಿನ ನೀರಲ್ಲಿ ಒಂದು ಸಿಕ್ಕಿದೆ. ಏನು ಅಂತ ಫೋನಲ್ಲಿ ಹೇಳಲ್ಲ. ಬಂದು ನೋಡಿ ನಗು."

"ಟಿಬಿ ಅಲ್ವಾ?"

"ಟಿಬಿ ಆಗಿದ್ರೆ ನಿನ್ನನ್ನ ಯಾಕೆ ಎಬ್ಬಿಸ್ತಿದ್ದೆ? ಬಾ ಬಾ. ಬರುವಾಗ ಮೂಲೆ ಅಂಗಡಿಯಿಂದ ರೊಟ್ಟಿ ತಾ, ಬಿಸಿ ಇರೋದು."

ಟಿಬಿ ಅಲ್ಲ. ಉಳಿದ ಸಿಪ್ಪೆಯನ್ನು ಹಂಚದೆ ಅಲ್ಲೇ ಸುರಿದು ಅವಳು ಎದ್ದಳು. ಆ ಮೊಣಕಾಲು ತನ್ನ ಮಗಳದೆಂದು ವಿಲ್ಬರ್‌ಗೆ ಗೊತ್ತಿರಲಿಲ್ಲ. ಆಸ್ಪತ್ರೆಗಳಿಂದ ಬೆಟ್ಟದ ಮೇಲಿನ ಅವರ ಪ್ರಯೋಗಾಲಯಕ್ಕೆ ನಳಿಕೆಗಳು ಬರಿಯ ಸಂಖ್ಯೆ ಹೊತ್ತು ಬರುತ್ತವೆ. ಸಂಬಂಧಿಕರ ಮಾದರಿಯನ್ನು ಮುಟ್ಟಬಾರದೆಂಬುದು ಅಲ್ಲಿಯ ಕಟ್ಟಳೆ. ಮಗಳಿಗೆ ಜ್ವರ ಎಂದಷ್ಟೇ ಹೇಳಿ, ಎಡೀತಳ ಮೊಣಕಾಲಿನಿಂದ ತೆಗೆದ ಮಬ್ಬು ಹಳದಿ ನೀರನ್ನು ಅವಳು ತನ್ನ ಕೈಯಾರೆ ತೊಳೆದು, ಸೋಸಿ, ಅದರಲ್ಲಿ ಅಳಿದುಳಿದ ಸೂಕ್ಷ್ಮಜೀವಿಯ ಜೀನನ್ನು ಹೆಚ್ಚಿಸಿ ಯಂತ್ರದೊಳಗೆ ಬಿಟ್ಟಿದ್ದಳು. ಹಾಲಿಗೆ ಹೆಪ್ಪು ಹಾಕುವಾಗಲೂ ತನ್ನ ಕೈ ಇಷ್ಟು ಸ್ಥಿರವಾಗಿರುವುದಿಲ್ಲವಲ್ಲ ಎಂದು ಆಗ ಅನ್ನಿಸಿ, ಅದು ಹೆಮ್ಮೆಯೋ ನಾಚಿಕೆಯೋ ತಿಳಿದಿರಲಿಲ್ಲ.

ವ್ಯಾನಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೊಡೆಯ ಮೇಲೆ ರೊಟ್ಟಿಯ ಚೀಲ ಬೆಚ್ಚಗಿತ್ತು. ಎಡೀತ್ ಶಾಲೆಯ ಮೆಟ್ಟಿಲಲ್ಲಿ ಬಿದ್ದು ಮೊಣಕಾಲು ತರಚಿಕೊಂಡದ್ದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಆಮೇಲೆ ಜ್ವರ, ಆಮೇಲೆ ಊದಿದ ಮೊಣಕಾಲು. ಮೂಲೆಯ ಔಷಧದಂಗಡಿಯ ಹುಡುಗಿ ಕೊಟ್ಟ ಸಿರಪ್ಪನ್ನು ಮಾರ್ಲೇನಿ ಚಮಚದಲ್ಲಿ ಕುಡಿಸಿದಳು. ಪರೀಕ್ಷೆಗೆ ಮೊದಲು ಆ್ಯಂಟಿಬಯಾಟಿಕ್ ಕುಡಿಸಿದರೆ ಪ್ರಯೋಗಾಲಯದ ತಟ್ಟೆಯಲ್ಲಿ ಯಾವ ರೋಗಾಣುವೂ ಬೆಳೆಯುವುದಿಲ್ಲವೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು ಅವಳೇ. ಆದರೆ ಮಗು ನರಳುತ್ತಿದ್ದಾಗ ಚಮಚ ಹಿಡಿದ ಕೈ ಬೇರೆ ಯಾರದೋ ಆಗಿತ್ತು. ಏನೂ ಬೆಳೆಯಲಿಲ್ಲ. ಏನೂ ಬೆಳೆಯದಿದ್ದಾಗ ಡಾಕ್ಟರ್ ಬಾರ್ಬಿಯೇರಿ, ಈ ಬೆಟ್ಟದ ಮಕ್ಕಳ ಕೀಲಿಗೆ ಟಿಬಿ ಬಿಟ್ಟು ಇನ್ನೇನು ಬರುತ್ತದೆ ಎಂದರು. ವರ್ಷವಿಡೀ ಮಾತ್ರೆ. ಯಕೃತ್ತಿಗೆ ಏಟು ಬಿದ್ದೀತು, ಆಗಾಗ ರಕ್ತ ನೋಡಬೇಕು. ನಿಜವಾದದ್ದು ಟಿಬಿ ಅಲ್ಲದಿದ್ದರೆ, ಅಷ್ಟು ಮಾತ್ರೆ ನುಂಗಿದ ಮೇಲೂ ಕೀಲು ಒಳಗೊಳಗೇ ಸವೆದು ಮಗು ಕುಂಟಿಯಾಗಬಹುದು. ಜೀನ್ ಓದಿಸಿ ನೋಡೋಣ ಎಂದು ಬೇಡಿದವಳು ಇವಳೇ. ಇವತ್ತಿನ ವಾರ್ಡು ಸುತ್ತಿನವರೆಗೆ ಕಾಯುತ್ತೇನೆ, ಆಮೇಲೆ ಟಿಬಿ ಮಾತ್ರೆ ಶುರು, ಎಂದಿದ್ದರು ಡಾಕ್ಟರ್.

ಬೇಡುವ ಮೊದಲು ನಡೆದದ್ದು ಅವಳಿಗೆ ಬೇಡವೆಂದರೂ ನೆನಪಾಗುತ್ತದೆ. ಎಡೀತಳನ್ನು ಆಸ್ಪತ್ರೆಗೆ ಸೇರಿಸಿದ ದಿನ, ಶಾಲು ಹೊದ್ದು ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಿ ಬಂದಿದ್ದಳು. ಏಳು ವರ್ಷದ ಉದ್ದ ಕಾಲುಗಳು ಎರಡೂ ಕಡೆ ತೂಗಾಡುತ್ತಿದ್ದವು. ಡಾಕ್ಟರ್ ರಾಜಧಾನಿ ಲಿಮಾದವರು, ಎತ್ತರದ ಮನುಷ್ಯ, ಕೈಗೆ ಒಳ್ಳೆಯ ಸಾಬೂನಿನ ವಾಸನೆ. ಎಲ್ಲಿ ಕೆಲಸ ಎಂದು ಕೇಳಿದರು. ಜೀನ್ ಓದುವ ಪ್ರಯೋಗಾಲಯದಲ್ಲಿ ಎಂದಳು. "ಓ, ಅಲ್ಲಿಯಾ? ಕಸ ಗುಡಿಸೋ ಕೆಲಸಾನಾ ತಾಯಿ?" ಎಂದರು, ಬಹಳ ಮೆದುವಾಗಿ. ಅಲ್ಲಿ ಗಾಜಿನ ಸಾಮಾನು ಜಾಸ್ತಿ, ಕೈಗೆ ಜೋಪಾನ, ಎಂದೂ ಸೇರಿಸಿದರು. ಒರಟಾಗಿ ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಅಲ್ಲ ಡಾಕ್ಟರ್, ಓದೋ ಕೆಲಸ, ಎನ್ನುವುದರೊಳಗೆ ಅವರು ಮುಂದಿನ ಪ್ರಶ್ನೆಗೆ ಹೋಗಿಯಾಗಿತ್ತು. ಹಸಿ ಹಾಲು ಕುಡಿಸ್ತೀರಾ? ಮನೆಯಲ್ಲಿ ಯಾರಿಗಾದರೂ ಕೆಮ್ಮು? ಮನೆಯಲ್ಲಿ ಪ್ರಾಣಿಗಳಿವೆಯಾ, ಅಡುಗೆಮನೆಯಲ್ಲಿ ಆ ಕುಯ್ ಪಯ್ ಏನಾದರೂ?

"ಇಲ್ಲ," ಎಂದಳು ಮಾರ್ಲೇನಿ.

ಆ 'ಇಲ್ಲ' ಅಂದು ಹುಟ್ಟಿದ್ದಲ್ಲ. ಲಿಮಾದ ಹಾಸ್ಟೆಲಿನಲ್ಲಿ, ಇಲಿ ತಿನ್ನೋರು ನೀವು ಎಂದು ಕೋಣೆಯ ಹುಡುಗಿಯರು ಮೂಗು ಮುಚ್ಚಿ ನಕ್ಕಾಗ, ನಮ್ಮ ಮನೆಯಲ್ಲಿ ಇಲ್ಲಪ್ಪ, ಹಳ್ಳಿ ಕಡೆಯವರು ಸಾಕುತ್ತಾರೆ ಎಂದಿದ್ದಳು. ರಜೆಗೆ ಊರಿಗೆ ಬಂದು, ತಾಯಿ ಹುರಿದು ಬಡಿಸಿದ್ದನ್ನು ಬೆರಳು ನೆಕ್ಕಿ ತಿಂದಿದ್ದಳು. ಹೊರಡುವ ದಿನ ಬಟ್ಟೆಗೆ ಹೊಗೆಯ ವಾಸನೆ ಇದೆಯೇ ಎಂದು ಒಂದೊಂದನ್ನೂ ಮೂಸಿ ಪೆಟ್ಟಿಗೆಗೆ ಹಾಕಿದ್ದಳು. ಕತ್ತಲಲ್ಲೂ ಕಾಲಿಗೆ ಸಿಗುವ ಮನೆಯ ಮೆಟ್ಟಿಲಿನಂತೆ ಆ ಮಾತು ನಾಲಿಗೆಗೆ ಸಿಕ್ಕಿತ್ತು. ಆದರೆ ಈ ಸಲ ಬೆನ್ನ ಮೇಲೆ ಮಗು ಇತ್ತು. ಕಟ್ಟಿದ ಗಂಟನ್ನು ಬಿಚ್ಚಿ ಮಂಚದ ಮೇಲೆ ಇಳಿಸಿದಾಗ ಎಡೀತ್ ಅವಳ ಮುಖವನ್ನೇ ನೋಡಿದಳು. ಜ್ವರದ ಕಣ್ಣು ಎಂದುಕೊಂಡಳು ಮಾರ್ಲೇನಿ. ಆಮೇಲೆ ಆ ಮಗು ದಿನವೂ "ಅಮ್ಮಾ" ಎಂದು ಶುರುಮಾಡಿ, ಏನು ಚಿನ್ನ ಎಂದರೆ, ಏನಿಲ್ಲ ಎನ್ನುತ್ತಿತ್ತು. ಗಣಿಯ ಕೆಲಸಕ್ಕೆ ಹೋದ ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳಲು ಹೊರಟಿರಬೇಕು. ಅಥವಾ ನಾನು ಮತ್ತೆ ಓಡುತ್ತೇನಾ ಎಂದು. ಎರಡಕ್ಕೂ ಉತ್ತರ ತನ್ನಲ್ಲಿಲ್ಲವಾದ್ದರಿಂದ ಮಾರ್ಲೇನಿ ಒತ್ತಾಯಿಸಿರಲಿಲ್ಲ.

ಪ್ರಯೋಗಾಲಯದಲ್ಲಿ ವಿಲ್ಬರ್ ರೊಟ್ಟಿಯ ಚೀಲ ಕಸಿದುಕೊಂಡು ಪರದೆಯನ್ನು ಅವಳ ಕಡೆ ತಿರುಗಿಸಿದ. ಎಲ್ಲ ಬ್ಯಾಕ್ಟೀರಿಯಾಗಳೂ ಹೊತ್ತಿರುವ ಒಂದು ಜೀನಿದೆ. ಬಹುಪಾಲು ಒಂದೇ ತರ, ಕೆಲವೆಡೆ ಮಾತ್ರ ಒಂದೊಂದಕ್ಕೆ ಒಂದೊಂದು ತರ. ಸಾಲುಸಾಲಾಗಿ ಹರಿಯುವ ನಾಲ್ಕೇ ಅಕ್ಷರಗಳಲ್ಲಿ ಅವಳ ಕಣ್ಣು ಆ ಬೇರೆಯಾಗುವ ಜಾಗಗಳಿಗೇ ಹೋಗುತ್ತದೆ, ಗುಂಪಿನಲ್ಲಿ ತನ್ನ ಮಗುವಿನ ನಡಿಗೆಯನ್ನು ಗುರುತಿಸುವಂತೆ. ಕೆಳಗೆ ಹೋಲಿಕೆಯ ಹೆಸರಿತ್ತು: ಸ್ಟ್ರೆಪ್ಟೋಕಾಕಸ್ ಝೂಎಪಿಡೆಮಿಕಸ್. ಮನುಷ್ಯರಲ್ಲಿ ಅಪರೂಪ. ಅವಳು ಅದನ್ನು ಪುಸ್ತಕದಲ್ಲಿ ಓದಿದ್ದಳೇ ಹೊರತು ಕಂಡಿರಲಿಲ್ಲ.

"ಕುದುರೆ ಗಂಟಲಲ್ಲಿರೋದು ಇದು!" ಎಂದ ವಿಲ್ಬರ್, ಬಾಯಿ ತುಂಬ ರೊಟ್ಟಿ. "ಯಾವನೋ ಪುಣ್ಯಾತ್ಮ ಕುದುರೆಗೆ ಮುತ್ತು ಕೊಟ್ಟಿದ್ದಾನೆ. ಮೊಣಕಾಲಿಂದ."

"ನೀರಿನ ನಳಿಕೆ?" ಎಂದಳು.

ಪ್ರತಿಸಲವೂ ಮಾದರಿಗಳ ಜೊತೆ ಬರೀ ಶುದ್ಧ ನೀರಿನ ಒಂದು ನಳಿಕೆಯನ್ನೂ ಅದೇ ಹಾದಿಯಲ್ಲಿ ನಡೆಸುವುದು ಕ್ರಮ. ಅದರಲ್ಲೂ ಏನಾದರೂ ಕಂಡರೆ, ಕಂಡದ್ದು ರೋಗವಲ್ಲ, ನಮ್ಮ ಕೈಯ ಕೊಳೆ. ಎಷ್ಟೋ ಸಲ ಆ ನಳಿಕೆ ಖಾಲಿಯಾಗಿರಲಿ ಎಂದು ಅವಳು ಉಸಿರು ಬಿಗಿಹಿಡಿದದ್ದುಂಟು. ಇವತ್ತು, ಮೊದಲ ಸಲ, ಅದರಲ್ಲಿ ಏನಾದರೂ ಇದ್ದುಬಿಡಲಿ ಎಂದು ಮನಸ್ಸು ಬೇಡಿತು. ಕೊಳೆಯೆಂದಾದರೆ ಮಗುವಿಗೆ ವರ್ಷದ ಮಾತ್ರೆ. ಅದು ಗೊತ್ತಿದ್ದೂ.

"ಬತ್ತಿದ ಬಾವಿ ಇದ್ದ ಹಾಗಿದೆ," ಎಂದ ವಿಲ್ಬರ್. "ಒಂದಕ್ಷರ ಇಲ್ಲ. ಅಷ್ಟು ಚೊಕ್ಕ ಮಾಡಿದ್ದೀಯ ಈ ಸಲ. ಯಾಕೆ, ಮುಖ ಯಾಕೆ ಹಾಗಾಯ್ತು?"

"ಕುದುರೆಗೆ ಮಾತ್ರ ಅಲ್ಲ ಅದು."

"ಗೊತ್ತು, ಕುಯ್‌ಗೂ ಬರತ್ತೆ. ಗದ್ದದ ಕೆಳಗೆ ಗಂಟು ಕಟ್ಟಲ್ವಾ, ನಮ್ಮಜ್ಜಿ ಬೂದಿ ಹಚ್ಚೋಳು. ಹಾಗಾದ್ರೆ ಇದು ನಮ್ಮ ಪೈಕಿಯವರದೇ ಮೊಣಕಾಲು," ಎಂದು ಅವನು ನಕ್ಕ. ನಮ್ಮ ಪೈಕಿ ಎನ್ನುವುದು ಅವನ ಬಾಯಲ್ಲಿ ಎಷ್ಟು ಹಗುರವಾಗಿ ಬಂತು. ಅವನ ಮೇಜಿನ ಮೇಲೆ, ಹಬ್ಬದಲ್ಲಿ ಹುರಿದ ಕುಯ್ಯನ್ನು ತಟ್ಟೆಯಲ್ಲಿ ಹಿಡಿದ ಅವನ ಹೆಂಡತಿಯ ಫೋಟೊ ಇತ್ತು. ಎಷ್ಟು ವರ್ಷ ಆ ಫೋಟೊದ ಎದುರೇ ಕೂತು ಕೆಲಸ ಮಾಡಿದ್ದಾಳೆ. ನಿಮ್ಮ ಮನೆಯಲ್ಲೂ ಇವೆಯಾ ಎಂದು ಅವನು ಎಂದೂ ಕೇಳಿರಲಿಲ್ಲ, ಇರುತ್ತವೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಬೆಳಿಗ್ಗೆ ಮೂಲೆಯಲ್ಲಿ ಕೂತಿದ್ದ ಆ ಉಬ್ಬು ಗದ್ದದ ಪ್ರಾಣಿ ಅವಳ ಕಣ್ಣ ಮುಂದೆ ಬಂತು. ಅದರ ಮುಂದಿಟ್ಟ ಎರಡು ಎಳೆ ಸೊಪ್ಪೂ ಬಂತು. ನೋಡಿಯೂ ನೋಡಿರಲಿಲ್ಲ.

"ವಿಲ್ಬರ್, ಅದು ನನ್ನ ಮಗಳ ಮೊಣಕಾಲು."

ಅವನು ಅಗಿಯುವುದನ್ನು ನಿಲ್ಲಿಸಿದ. ಕೋಪ ಬಂದಿತು, ಆಮೇಲೆ ಹೋಯಿತು. ಎರಡೂ ಅವಳಿಗೆ ಕಂಡವು. ರೊಟ್ಟಿ ಕೆಳಗಿಟ್ಟು, ಕೈ ತೊಳೆದು ಬಂದು, ಅವಳನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತ. "ಏಳು. ನಾನು ಮೊದಲಿಂದ ಓದ್ತೀನಿ, ನನ್ನ ಹೆಸರಲ್ಲಿ ಕಳಿಸ್ತೀನಿ. ನೀನು ಮಗು ಹತ್ರ ಹೋಗು. ಕತ್ತೆ ನೀನು, ನನಗೊಂದು ಮಾತು ಹೇಳೋಕಾಗ್ಲಿಲ್ವಾ?" ಅವಳು ಬಾಗಿಲು ತಲುಪಿದಾಗ ಕೂಗಿದ, "ಡಾಕ್ಟರ್‌ಗೆ ಕುಯ್ ವಿಷಯ ಹೇಳಿದ್ದೀಯ ತಾನೆ? ಇಲ್ಲಾಂದ್ರೆ ಅವನು ಇದನ್ನ ನಂಬಲ್ಲ. ಪ್ರಾಣಿ ಇಲ್ಲದ ಮನೇಲಿ ಈ ಹೆಸರು ಬಂದ್ರೆ ಲ್ಯಾಬಿನ ಕೊಳೆ ಅಂತ ಬಿಸಾಕ್ತಾನೆ."

"ಹೇಳಿದ್ದೀನಿ," ಎಂದಳು. ಮೆಟ್ಟಿಲಿಳಿಯುವಾಗ ಅದು ಎರಡನೆಯ ಸುಳ್ಳೆಂದು ಎಣಿಸಿದಳು, ಎಣಿಸಿದರೆ ಕಡಿಮೆಯಾಗುತ್ತದೆ ಎಂಬಂತೆ.

ವಾರ್ಡಿನಲ್ಲಿ ಸತುರ್ನೀನಾ ಹ್ಯಾಟನ್ನು ಕಿಟಕಿಗೆ ತಗುಲಿಸಿ, ಮೊಮ್ಮಗಳ ಬಾಯಿಗೆ ಸೂಪು ಹಿಡಿಯುತ್ತಿದ್ದಳು. ಮಾರ್ಲೇನಿಯನ್ನು ಕಂಡದ್ದೇ, "ಅವುಕ್ಕೆ ಮೇವು ಹಾಕ್ದ್ಯಾ?" ಎಂದಳು, ವಾರ್ಡಿನ ಆಚೆ ತುದಿಗೂ ಕೇಳುವಂತೆ.

"ಮೆಲ್ಲಗೆ ಅಮ್ಮಾ."

"ಏನ್ ಮೆಲ್ಲಗೆ? ನಾನೇನು ಕದ್ದು ತಂದಿದ್ದೀನಾ? ನಿನ್ನ ಓದಿಸಿದ್ದು ಅವೇ ಕಣೇ, ವಾರ ವಾರ ಸಂತೆಗೆ ಹೋಗಿ."

ಮಾರ್ಲೇನಿ ಮಂಚದ ಅಂಚಿನಲ್ಲಿ ಕೂತು ಮಗಳ ಹಣೆ ಮುಟ್ಟಿದಳು. ಕಾಲಿಗೆ ಹಲಗೆ ಕಟ್ಟಿದ್ದರು. ಕಲಸಿಹೋದ ಜಡೆಯನ್ನು ಬಿಚ್ಚಿ, ಬೆರಳಲ್ಲೇ ಬಾಚುತ್ತ, ಆದಷ್ಟು ಮಾಮೂಲಿ ದನಿಯಲ್ಲಿ, "ಆ ಗದ್ದದಲ್ಲಿ ಗಂಟಿರೋದು ಇದೆಯಲ್ಲ ಅಮ್ಮಾ, ಕಂದು ಬಣ್ಣದ್ದು, ಎಷ್ಟು ದಿನ ಆಯ್ತು ಅದಕ್ಕೆ?" ಎಂದಳು.

"ಆವತ್ತೇ ಅದನ್ನ ತೆಗೆದು ಹೂಳ್ಬೇಕಿತ್ತು. ಇವಳು ಬಿಡಬೇಕಲ್ಲ! ಲಂಗದೊಳಗೆ ಬಚ್ಚಿಟ್ಕೊಂಡು ಕೂತ್ಲು. ಹೆಸರು ಬೇರೆ ಇಟ್ಟಿದ್ದಾಳೆ. ತಿನ್ನೋದಕ್ಕೆ ಹೆಸರಿಡಬೇಡ ಅಂತ ಬಡ್ಕೊಂಡೆ."

"ಲೂನಾನ ತಿನ್ನಲ್ಲ," ಎಂದಳು ಎಡೀತ್. "ಅದರ ಗಂಟು ಆವತ್ತು ಒಡೆದು ಕೀವು ಬಂದಿತ್ತು, ನಾನೇ ಒರೆಸಿದ್ದು. ನನ್ನ ಮಡಿಲಲ್ಲಿ ಮಲಗಿಸ್ಕೊಂಡು. ಅದಕ್ಕೂ ಗಾಯ, ನನಗೂ ಗಾಯ. ಅದು ಅಳಲೇ ಇಲ್ಲ."

ಮಾರ್ಲೇನಿಯ ಬೆರಳು ಕೂದಲಲ್ಲಿ ನಿಂತಿತು. ಪ್ರಯೋಗಾಲಯದಲ್ಲಿ ಅಕ್ಷರಗಳಾಗಿ ಕಂಡದ್ದು ಇಲ್ಲಿ ಹೀಗೆ, ಇಷ್ಟು ಸರಳವಾಗಿ, ಮಗುವಿನ ಮಡಿಲಿನಿಂದ ಮೊಣಕಾಲಿನ ತರಚುಗಾಯಕ್ಕೆ ಇಳಿದಿತ್ತು. ಸೇರಿಸಿದ ದಿನವೇ ಅವಳು ಹೌದು ಎಂದಿದ್ದರೆ, ಯಾರಾದರೂ ಮಗುವನ್ನೇ ಕೇಳಿದ್ದರೆ, ಇದೇ ಮಾತು ಅಂದೇ ಬರುತ್ತಿತ್ತು. ಯಂತ್ರ ಓದುವುದಕ್ಕೂ ಮೊದಲು. ಜಡೆ ಹೆಣೆದಳು. ಒಂದು ಎಳೆ ಬಿಗಿಯಾಯಿತೆಂದು ಬಿಚ್ಚಿ ಮತ್ತೆ ಹೆಣೆದಳು.

"ಅಮ್ಮಾ," ಎಂದಳು ಎಡೀತ್.

"ಏನು ಚಿನ್ನ?"

ಮಗು ಅಜ್ಜಿಯ ಕಡೆ ನೋಡಿ, ಕಿಟಕಿಯ ಕಡೆ ನೋಡಿ, "ಏನಿಲ್ಲ," ಎಂದಿತು.

ಡಾಕ್ಟರ್ ಬಾರ್ಬಿಯೇರಿ ಬಂದಾಗ ಅವರ ಕೈಯಲ್ಲಿ ಫಲಿತಾಂಶ ಇತ್ತು. ಹಿಂದೆ ನರ್ಸ್, ಅವಳ ತಟ್ಟೆಯಲ್ಲಿ ಸಣ್ಣ ಲೋಟ, ಲೋಟದಲ್ಲಿ ಕೆಂಪು ಮಾತ್ರೆ. ಇವತ್ತೇ ಶುರುಮಾಡಲು ತಂದದ್ದು. ಆ ಮಾತ್ರೆಯಿಂದ ಕಣ್ಣು ತೆಗೆಯಲು ಮಾರ್ಲೇನಿಗೆ ಆಗಲಿಲ್ಲ.

"ನಿಮ್ಮ ಲ್ಯಾಬಿನವರು ಒಂದು ಕತೆ ಕಳಿಸಿದ್ದಾರೆ ತಾಯಿ," ಎಂದರು ಡಾಕ್ಟರ್, ಬೇಸರವಿಲ್ಲದೆ. "ಕುದುರೆಯ ಬ್ಯಾಕ್ಟೀರಿಯಾ ಅಂತೆ. ಹೋದ ತಿಂಗಳು ಒಂದು ಕೂಸಿನ ರಕ್ತದಲ್ಲಿ ಗದ್ದೆಮಣ್ಣಿನ ಜೀವಿ ಇದೆ ಅಂತ ಬಂದಿತ್ತು. ನೋಡಿದ್ರೆ ಅವರ ನೀರೇ ಕೊಳಕು. ಈ ಯಂತ್ರಗಳು ಕೇಳದೆ ಇದ್ದದ್ದನ್ನೂ ಹೇಳ್ತವೆ."

"ಈ ಸಲ ನೀರು ಚೊಕ್ಕ ಇತ್ತು ಡಾಕ್ಟರ್. ಒಂದಕ್ಷರವೂ ಇರಲಿಲ್ಲ."

ಅವರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಇರಬಹುದು. ಆದರೆ ಗಾಳೀಲಿ ಹಾರ್ಕೊಂಡು ಮೊಣಕಾಲಿಗೆ ಬರೋ ಜೀವಿ ಅಲ್ಲ ಇದು. ಪ್ರಾಣಿ ಇರಬೇಕು. ನಿಮ್ಮ ಮನೇಲಿ ಇಲ್ಲ ಅಂದ್ರಿ. ಪ್ರಾಣಿ ಇದೆ ಅಂದ್ರೆ ಪೆನಿಸಿಲಿನ್, ಕೆಲವೇ ವಾರ, ಹುಡುಗಿ ಮನೆಗೆ. ಇಲ್ಲ ಅಂದ್ರೆ ನಾನು ಇದನ್ನ ಕೊಳೆ ಅಂತಲೇ ಎಣಿಸಿ ಟಿಬಿಗೆ ಕೊಡ್ತೀನಿ." ಸ್ವಲ್ಪ ತಡೆದು, ಸಹಾಯ ಮಾಡುವ ದನಿಯಲ್ಲಿ, "ಕುದುರೆ ಸವಾರಿಗೆ ಏನಾದ್ರೂ ಕರ್ಕೊಂಡು ಹೋಗಿದ್ರಾ? ನನ್ನ ಮಗಳೂ ಹೋಗ್ತಾಳೆ, ಕೆಳಗಿನ ಕಣಿವೇಲಿ ಒಳ್ಳೆ ಲಾಯ ಇದೆ," ಎಂದರು.

ಕುದುರೆ. ಎಷ್ಟು ಎತ್ತರದ, ಎಷ್ಟು ಮರ್ಯಾದೆಯ ಪ್ರಾಣಿ. ಆ ಪದವನ್ನು ಅವರು ಕುರ್ಚಿಯಂತೆ ಅವಳ ಕಡೆ ಸರಿಸಿದ್ದರು, ಕೂತರೆ ಸಾಕಿತ್ತು. ಕೆಂಪು ಮಾತ್ರೆ ಹಿಂದಕ್ಕೆ ಹೋಗುತ್ತದೆ, ಪೆನಿಸಿಲಿನ್ ಬರುತ್ತದೆ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡೇ ಇರುತ್ತದೆ. ಉಬ್ಬು ಗದ್ದದ್ದನ್ನು ಸಂಜೆ ಸದ್ದಿಲ್ಲದೆ ಹೂತರಾಯಿತು. ಉಳಿದವುಗಳಲ್ಲಿ ಇನ್ನೂ ಎಷ್ಟಕ್ಕೆ ಹತ್ತಿದೆಯೋ, ತಾಯಿ ದಿನವೂ ಬರಿಗೈಯಲ್ಲಿ ಎತ್ತುತ್ತಾಳಲ್ಲ, ಎಂಬುದು ಆ ಯೋಚನೆಯ ಹಿಂದೆಯೇ ಬಂದಿತು. ಬರುವುದರೊಳಗೆ ಅವಳ ಬಾಯಿ ತೆರೆದಿತ್ತು.

"ನಮ್ಮ ಚಿಕ್ಕಪ್ಪನ ಊರಲ್ಲಿ..." ಎಂದಳು.

ಸತುರ್ನೀನಾ ಸೂಪಿನ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಚಿಕ್ಕಪ್ಪನ ಊರಲ್ಲಿ ಇದ್ದದ್ದು ಒಂದು ಕತ್ತೆ, ಅದೂ ಸತ್ತು ಎಷ್ಟೋ ಕಾಲವಾಗಿತ್ತು. ಮುದುಕಿ ಕಿಟಕಿಗೆ ತಗುಲಿಸಿದ್ದ ಹ್ಯಾಟನ್ನು ತೆಗೆದು ತಲೆಗೆ ಇಟ್ಟುಕೊಂಡಳು, ಅಪರಿಚಿತರ ಮನೆಯಲ್ಲಿ ಕೂತವಳ ಹಾಗೆ. ಡಾಕ್ಟರ್ ಕಣ್ಣು ಕಿರಿದು ಮಾಡಿ ಒಬ್ಬಳಿಂದ ಇನ್ನೊಬ್ಬಳಿಗೆ ನೋಡಿದರು. ಆಮೇಲೆ ಮಂಚದ ಕಡೆ ಬಾಗಿದರು. ಒಳ್ಳೆಯ ಸಾಬೂನಿನ ವಾಸನೆ ಹತ್ತಿರ ಬಂತು.

"ನೀನು ಹೇಳು ಪುಟ್ಟಿ. ಕುದುರೆ ಮೇಲೆ ಕೂತಿದ್ಯಾ?"

ಎಡೀತ್ ಡಾಕ್ಟರನ್ನು ನೋಡಲಿಲ್ಲ. ಹೊಸದಾಗಿ ಹೆಣೆದ ಜಡೆಯನ್ನು ಎದೆಯ ಮೇಲೆ ಎಳೆದುಕೊಂಡು, ತುದಿಯನ್ನು ಬೆರಳಿಗೆ ಸುತ್ತಿ, ಆಸ್ಪತ್ರೆಗೆ ಸೇರಿಸಿದ ದಿನ ನೋಡಿದ ಹಾಗೆಯೇ ತಾಯಿಯ ಮುಖವನ್ನು ನೋಡಿದಳು. ಜ್ವರದ ಕಣ್ಣಾಗಿರಲಿಲ್ಲ ಅದು. ಅವತ್ತೂ ಆಗಿರಲಿಲ್ಲ.

"ಅಮ್ಮಾ," ಎಂದಳು. ಈ ಸಲ ಏನು ಚಿನ್ನ ಎಂದು ಯಾರೂ ಕೇಳಲಿಲ್ಲ, ಆದರೂ ಅವಳು ನಿಲ್ಲಿಸಲಿಲ್ಲ. "ಅಮ್ಮಾ, ನಮ್ಮನೇಲಿ ಕುಯ್ ಇಲ್ಲ ಅಂತ ಇವತ್ತೂ ಹೇಳ್ಬೇಕಾ?"